ಆಸ್ಪತ್ರೆಗೆ ಕೊಡುವ ಕುರ್ಚಿ ಎಂಥದಿರಬೇಕು?

ತಂದೆತಾಯಿಯರ ವಾರ್ಷಿಕ ಸ್ಮರಣೆ, ವಿವಾಹದ ಬೆಳ್ಳಿಹಬ್ಬ, ಮಗನಿಗೋ ಮಗಳಿಗೋ ಪರದೇಶದಲ್ಲಿ ದೊರೆತ ಮೊದಲ ಉದ್ಯೋಗ, ಇಂಥ ಸಂದರ್ಭಗಳಲ್ಲಿ ಹತ್ತಿರದ ಆಸ್ಪತ್ರೆಗೆ ಅಥವಾ ವೃದ್ಧಾಶ್ರಮಕ್ಕೆ ಒಂದು ಮಂಚವನ್ನೋ ನಾಲ್ಕು ಕುರ್ಚಿಗಳನ್ನೋ ಕೊಡುವ ಪದ್ಧತಿ ನಮ್ಮ ಕುಟುಂಬಗಳಲ್ಲಿ ಬಹಳ ಹಿಂದಿನಿಂದ ನಡೆದುಬಂದಿದೆ. ಧರ್ಮಭಗಿನಿಯರು ನಡೆಸುವ ಯಾವುದೇ ಚಿಕಿತ್ಸಾಲಯದ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಕುಳಿತರೆ, ಬೆಂಚುಗಳ ಬೆನ್ನಿನ ಮೇಲೆ ‘ಸ್ಮರಣಾರ್ಥ’ ಎಂದು ಬರೆದಿರುವ ಹೆಸರುಗಳನ್ನು ಓದುತ್ತ ಸರದಿ ಕಾಯಬಹುದು. ಈ ಪದ್ಧತಿ ಮೆಚ್ಚತಕ್ಕದ್ದು. ಅದು ಇನ್ನೂ ಹೆಚ್ಚಲಿ ಎಂಬುದೇ ನಮ್ಮ ಆಶಯ. ಆದರೆ ಕೊಡುವ ವಸ್ತುವನ್ನು ನಾವು ಆರಿಸುವ ಬಗೆಯನ್ನು ಕುರಿತು ಒಂದು ಮಾತು ಹೇಳುವುದು ಅಗತ್ಯವಾಗಿದೆ.

ಸಾಮಾನ್ಯವಾಗಿ ನಾವು ಆಸ್ಪತ್ರೆಯ ಕುರ್ಚಿಯನ್ನು ನಮ್ಮ ಮನೆಯ ಪಡಸಾಲೆಯ ಕುರ್ಚಿಯಂತೆಯೇ ಆರಿಸುತ್ತೇವೆ. ನೋಡಲು ಚೆಂದವಿದೆಯೇ, ಕೂರಲು ಮೆತ್ತಗಿದೆಯೇ, ಬೆಲೆ ಎಟುಕುತ್ತದೆಯೇ ಎಂದು ವಿಚಾರಿಸಿ ಹಣ ಕೊಟ್ಟು ಬರುತ್ತೇವೆ. ಆಸ್ಪತ್ರೆಯಲ್ಲಿ ಇವೆಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಈ ಕುರ್ಚಿಯನ್ನು ಪ್ರತಿದಿನ ಒರೆಸಬೇಕಾದ ಆಯಾ, ತನಗೆ ಸಿಗುವ ಕೆಲವೇ ನಿಮಿಷಗಳಲ್ಲಿ, ತನ್ನ ಬಕೆಟ್ಟಿನಲ್ಲಿರುವ ಔಷಧದ ನೀರಿನಿಂದ, ಇದರ ಎಲ್ಲ ಭಾಗಗಳನ್ನೂ ಒರೆಸಬಲ್ಲಳೇ? ಐದು ವರ್ಷಗಳ ನಂತರವೂ ಒರೆಸಬಲ್ಲಳೇ? ಈ ಪ್ರಶ್ನೆಗೆ ಹೌದೆಂಬ ಉತ್ತರ ದೊರೆಯದಿದ್ದರೆ, ಎಷ್ಟೇ ಬೆಲೆಯ ವಸ್ತುವಾದರೂ ಅದು ಆಸ್ಪತ್ರೆಗೆ ಹೊರೆಯಾಗುತ್ತದೆ, ಕೆಲವೊಮ್ಮೆ ಅಪಾಯವೂ ಆಗುತ್ತದೆ.

ಅಪಾಯವೆಂಬ ಪದವನ್ನು ನಾವು ಯೋಚಿಸಿಯೇ ಬಳಸಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ದಾಖಲಾಗುವ ಪ್ರತಿ 100 ರೋಗಿಗಳಲ್ಲಿ 7 ಮಂದಿಗೂ, ನಮ್ಮಂಥ ಮಧ್ಯಮ ಹಾಗೂ ಕಡಿಮೆ ಆದಾಯದ ದೇಶಗಳಲ್ಲಿ 15 ಮಂದಿಗೂ ಆಸ್ಪತ್ರೆಯಲ್ಲಿಯೇ ಹೊಸದಾಗಿ ಒಂದು ಸೋಂಕಾದರೂ ತಗಲುತ್ತದೆ. ಹಾಗೆ ತಗಲಿದವರಲ್ಲಿ ಸರಾಸರಿ ಹತ್ತಕ್ಕೆ ಒಬ್ಬರು ಸಾಯುತ್ತಾರೆ. ಕಾಲು ಮುರಿದು ಹೋದವರು ಜ್ವರದಿಂದ, ಹೆರಿಗೆಗೆಂದು ಹೋದವರು ನಂಜಿನಿಂದ ಮರಳಿ ಬಾರದ ಪ್ರಸಂಗಗಳು ಅನೇಕ ಮನೆಗಳಿಗೆ ಗೊತ್ತು. ಇದಕ್ಕೆಲ್ಲ ಕುರ್ಚಿ, ಮಂಚಗಳೇ ಕಾರಣವೆಂದು ಯಾರೂ ಹೇಳಲಾರರು. ಸೋಂಕನ್ನು ಒಬ್ಬರಿಂದ ಒಬ್ಬರಿಗೆ ಮುಖ್ಯವಾಗಿ ಸಾಗಿಸುವುದು ತೊಳೆಯದ ಕೈ. ಆದರೆ ಆ ಕೈ ರೋಗಿಯ ಮೈಯಿಂದ ಮಂಚದ ಸರಳಿಗೆ, ಸರಳಿನಿಂದ ಲಾಕರಿನ ಹಿಡಿಗೆ, ಅಲ್ಲಿಂದ ಕುರ್ಚಿಯ ತೋಳಿಗೆ, ಬಳಿಕ ಮತ್ತೊಬ್ಬ ರೋಗಿಗೆ ಹೋಗುತ್ತದೆ. ಕೈ ತೊಳೆದವರೂ ಮರುಕ್ಷಣವೇ ಹೊಲಸು ಸರಳನ್ನು ಮುಟ್ಟಿದರೆ ತೊಳೆದದ್ದು ವ್ಯರ್ಥವಾಗುತ್ತದೆ.

ಈ ವಿಚಾರ ಇಂದಿನದಲ್ಲ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಆಸ್ಪತ್ರೆಗಳ ರಚನೆಯನ್ನು ಕುರಿತು ಪುಸ್ತಕ ಬರೆದಾಗ, ಗೋಡೆ ನೆಲಗಳು ಏನನ್ನೂ ಹೀರಿಕೊಳ್ಳದಂತಿರಬೇಕು, ಮಂಚಗಳು ಕಬ್ಬಿಣದವಾಗಿರಬೇಕು ಎಂದು ವಾದಿಸಿದ್ದರು. ಸೂಕ್ಷ್ಮಾಣುಗಳಿಂದ ರೋಗ ಹರಡುತ್ತದೆಂಬುದು ಆಗಿನ್ನೂ ಸ್ಥಾಪಿತವಾಗಿರಲಿಲ್ಲ. ಕೆಟ್ಟ ಗಾಳಿಯೇ ರೋಗಕ್ಕೆ ಮೂಲವೆಂಬ ನಂಬಿಕೆಯೇ ಬಲವಾಗಿತ್ತು. ಕಾರಣ ತಪ್ಪಾಗಿದ್ದರೂ ಕಣ್ಣು ಸರಿಯಾಗಿತ್ತು ಎನ್ನಬೇಕು. ಮುಂದಿನ ದಶಕಗಳಲ್ಲಿ ಕಬ್ಬಿಣದ ಮಂಚ ಆಸ್ಪತ್ರೆಯ ಗುರುತೇ ಆಯಿತು. ಫಾದರ್ ಆಗಸ್ಟಸ್ ಮುಲ್ಲರ್ ಅವರು ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಔಷಧ ವಿತರಣೆ ಆರಂಭಿಸಿದ್ದು, ಗುಡ್ ಶೆಫರ್ಡ್ ಭಗಿನಿಯರು ಬೆಂಗಳೂರಿನಲ್ಲಿ 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ತೆರೆದದ್ದು ಇದೇ ಕಾಲದಲ್ಲಿ. ಅಂದಿನಿಂದ ಇಂದಿನವರೆಗೆ ವೈದ್ಯವಿಜ್ಞಾನ ಎಷ್ಟೋ ಮುಂದೆ ಸಾಗಿದೆ. ಹೀರಿಕೊಳ್ಳದ, ಸಂದುಗೊಂದುಗಳಿಲ್ಲದ ಮೇಲ್ಮೈ ಬೇಕೆಂಬ ನಿಯಮ ಮಾತ್ರ ಹಾಗೆಯೇ ಉಳಿದಿದೆ.

ರೋಗಾಣುಗಳು ಒಣಗಿದ ಮೇಲ್ಮೈಯ ಮೇಲೆ ಎಷ್ಟು ಕಾಲ ಬದುಕುತ್ತವೆ? ಬಿಸಿಲು ಗಾಳಿಗೆ ತಾವಾಗಿಯೇ ಸಾಯುತ್ತವೆಂದು ನಂಬಿದವರಿಗೆ ಇದರ ಉತ್ತರ ಆಶ್ಚರ್ಯ ತರಬಹುದು. ಜರ್ಮನಿಯ ವೈದ್ಯರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಗಾಯಗಳನ್ನು ಕೀವುಗಟ್ಟಿಸುವ ಸ್ಟ್ಯಾಫಿಲೊಕಾಕಸ್, ತೀವ್ರ ನಿಗಾ ಘಟಕಗಳನ್ನು ಕಾಡುವ ಅಸಿನೆಟೊಬ್ಯಾಕ್ಟರ್ ಹಾಗೂ ಕ್ಲೆಬ್ಸಿಯೆಲ್ಲಾಗಳು ತಿಂಗಳುಗಟ್ಟಲೆ ಜೀವಂತವಾಗಿರಬಲ್ಲವು. ಅಮೆರಿಕದ ತೀವ್ರ ನಿಗಾ ಘಟಕಗಳಲ್ಲಿ ನಡೆದು ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಒಂದು ಕೊಠಡಿಯಲ್ಲಿ ಹಿಂದೆ ಇದ್ದ ರೋಗಿಗೆ ಔಷಧಕ್ಕೆ ಜಗ್ಗದ ರೋಗಾಣು ಇದ್ದಿದ್ದರೆ, ಮುಂದೆ ಅದೇ ಕೊಠಡಿಗೆ ಬಂದ ರೋಗಿಗೂ ಅದು ತಗಲುವ ಸಾಧ್ಯತೆ ಹೆಚ್ಚಿರುವುದು ಕಂಡುಬಂದಿತು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದವರಲ್ಲ. ನಡುವೆ ಇದ್ದದ್ದು ಆ ಕೊಠಡಿ, ಅದರೊಳಗಿನ ವಸ್ತುಗಳು.

ಇಲ್ಲಿ ಕೊರೊನಾ ಕಾಲದ ನೆನಪಿನಿಂದ ಒಂದು ಗೊಂದಲ ಹುಟ್ಟಬಹುದು. 2020ರಲ್ಲಿ ತರಕಾರಿಯನ್ನೂ ಹಾಲಿನ ಪೊಟ್ಟಣವನ್ನೂ ತೊಳೆದವರು ನಾವೇ. ಆ ರೋಗ ಮುಖ್ಯವಾಗಿ ಉಸಿರಿನ ಗಾಳಿಯಿಂದ ಹರಡುತ್ತದೆ, ಮುಟ್ಟಿದ ವಸ್ತುಗಳಿಂದ ತಗಲುವುದು ಬಹಳ ಅಪರೂಪ ಎಂಬುದು ಮುಂದಿನ ವರ್ಷದ ವೇಳೆಗೆ ಸ್ಪಷ್ಟವಾಯಿತು. ಅದನ್ನೇ ಹಿಡಿದು, ಆಸ್ಪತ್ರೆಯ ವಸ್ತುಗಳನ್ನು ಒರೆಸುವುದೂ ಒಂದು ಆಡಂಬರವೆಂದು ಹೇಳುವವರಿದ್ದಾರೆ. ಒಂದು ರೋಗದ ನಡವಳಿಕೆಯಿಂದ ಎಲ್ಲ ರೋಗಗಳನ್ನೂ ಅಳೆಯಬಾರದು. ಗಾಯದ, ಮೂತ್ರದ, ಭೇದಿಯ ಸೋಂಕುಗಳಿಗೆ ಮಂಚದ ಸರಳು ಇಂದಿಗೂ ದಾರಿಯೇ ಆಗಿದೆ.

ಹಾಗಾದರೆ ಬಟ್ಟೆ ಬಿಟ್ಟು ಪ್ಲಾಸ್ಟಿಕ್ ಕೊಂಡರೆ ಸಮಸ್ಯೆ ಮುಗಿಯಿತೇ? ಅಮೆರಿಕದ ಸಿನ್ಸಿನಾಟಿಯಲ್ಲಿ ಸುಟ್ಟಗಾಯದ ಮಕ್ಕಳಿಗಾಗಿ ಇದ್ದ ಆಸ್ಪತ್ರೆಯೊಂದರ ಸಂಶೋಧಕರು ಹತ್ತಿ, ಪಾಲಿಯೆಸ್ಟರ್, ಪ್ಲಾಸ್ಟಿಕ್ ಹೀಗೆ ಆಸ್ಪತ್ರೆಯಲ್ಲಿ ಬಳಸುವ ಬೇರೆ ಬೇರೆ ವಸ್ತುಗಳ ಮೇಲೆ ರೋಗಾಣುಗಳನ್ನು ಇಟ್ಟು ನೋಡಿ, 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲದರ ಮೇಲೂ ಅವು ಕನಿಷ್ಠ ಒಂದು ದಿನ ಬದುಕಿದವು. ಕೆಲವು 90 ದಿನಗಳನ್ನೂ ಮೀರಿದವು. ಪ್ಲಾಸ್ಟಿಕ್ಕೂ ಅವನ್ನು ಕೊಲ್ಲಲಿಲ್ಲ. ಪ್ಲಾಸ್ಟಿಕ್ಕಿನ, ಉಕ್ಕಿನ ಗುಣವೇನಿದ್ದರೂ ಅದು ಒರೆಸುವವರ ಕೈಗೆ ಸಿಕ್ಕಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ಬಟ್ಟೆಯ ಸೋಫಾವನ್ನು ಎಷ್ಟು ಒರೆಸಿದರೂ ಒಳಗಿನ ಫೋಮಿಗೆ ಇಳಿದದ್ದು ಹೊರಗೆ ಬರುವುದಿಲ್ಲ. ನಯವಾದ ಪ್ಲಾಸ್ಟಿಕ್ಕನ್ನು ಒರೆಸಿದರೆ ಬರುತ್ತದೆ. ಒರೆಸದೆ ಬಿಟ್ಟರೆ ಎರಡೂ ಒಂದೇ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2003ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ರೋಗನಿರೋಧಕ ಶಕ್ತಿ ಕುಂದಿದವರ ವಿಭಾಗಗಳಲ್ಲಿಯೂ, ಮಕ್ಕಳ ವಾರ್ಡಿನಂತೆ ಮಲಮೂತ್ರ ಚೆಲ್ಲುವ ಸಂಭವವಿರುವೆಡೆಯೂ ಬಟ್ಟೆ ಹೊದಿಸಿದ ಪೀಠೋಪಕರಣಗಳನ್ನು ಇಡದಿರುವುದು ಒಳಿತೆಂದು ಸೂಚಿಸಿದ್ದು ಇದೇ ಕಾರಣದಿಂದ.

ಅಂಗಡಿಯಲ್ಲಿ ಕುರ್ಚಿಯನ್ನು ನೋಡುವಾಗ ಅದನ್ನು ಒಮ್ಮೆ ತಲೆಕೆಳಗು ಮಾಡಿ ನೋಡಬೇಕೆಂದು ನಮ್ಮ ಸಲಹೆ. ಮೇಲೆ ಹೊಳೆಯುವ ರೆಕ್ಸಿನ್, ಕೆಳಗೆ ಹಸಿ ಪ್ಲೈವುಡ್ಡು, ಅದಕ್ಕೆ ಹೊಡೆದ ಪಿನ್ನುಗಳು. ಅನೇಕ ಕುರ್ಚಿಗಳ ನಿಜರೂಪ ಇದು. ಕೂರುವ ಭಾಗಕ್ಕೂ ಬೆನ್ನಿನ ಭಾಗಕ್ಕೂ ನಡುವಿನ ಸಂದಿಯಲ್ಲಿ ಬೆರಳಾಡಿಸಿ ನೋಡಬೇಕು. ಬಿಸ್ಕತ್ತಿನ ಪುಡಿ, ಹತ್ತಿಯ ಚೂರು, ಮಗುವಿನ ವಾಂತಿ ಹೋಗಿ ಸೇರುವುದು ಅಲ್ಲಿಯೇ. ಸಂದಿ ಇಲ್ಲದಿರಬೇಕು, ಇಲ್ಲವೇ ಕೈ ಮತ್ತು ಬಟ್ಟೆ ಸಲೀಸಾಗಿ ಹೋಗುವಷ್ಟು ಅಗಲವಿರಬೇಕು, ನಡುವಿನದು ಬೇಡ. ಗುಂಡಿ ಒತ್ತಿದ ಮೆತ್ತೆ, ದಪ್ಪ ಹೊಲಿಗೆಯ ಅಂಚು, ಕೆತ್ತನೆಯ ತೋಳು ಇವೆಲ್ಲ ಕೊಳೆಗೆ ಆಶ್ರಯ. ಕಬ್ಬಿಣದ ಕೊಳವೆಯ ಕಾಲುಗಳ ತುದಿ ತೆರೆದಿದ್ದರೆ ನೀರು ಒಳಹೊಕ್ಕು ತುಕ್ಕು ಹಿಡಿಯುತ್ತದೆ, ಜಿರಳೆಯೂ ಮನೆ ಮಾಡುತ್ತದೆ. ನೆಲದಿಂದ ಅರ್ಧ ಅಡಿಯಾದರೂ ಎತ್ತರವಿಲ್ಲದಿದ್ದರೆ ನೆಲ ಒರೆಸುವ ಕೋಲು ಅಡಿಗೆ ಹೋಗುವುದಿಲ್ಲ.

ಬೆತ್ತದ ಕುರ್ಚಿ ನಮ್ಮ ಹಳೆಯ ಮನೆಗಳ ಜಗಲಿಗೆ ಶೋಭೆ. ಆಸ್ಪತ್ರೆಗೆ ಅದರಷ್ಟು ಹೊಂದದ ವಸ್ತು ಇನ್ನೊಂದಿಲ್ಲ. ಹೆಣಿಗೆಯ ಒಂದೊಂದು ಕಣ್ಣೂ ಕೊಳೆಯ ಗೂಡು, ತಿಗಣೆಗಂತೂ ಅರಮನೆ. ಮರವನ್ನು ಸಾರಾಸಗಟಾಗಿ ತಳ್ಳಿಹಾಕಬೇಕಾಗಿಲ್ಲ. ಆರು ಮುಖಗಳಿಗೂ ಒಳ್ಳೆಯ ಪಾಲಿಶು ಕೂಡಿಸಿದ ತೇಗದ ಮೇಜು ವೈದ್ಯರ ಕೊಠಡಿಯಲ್ಲಿ ಇರಬಹುದು, ವಾರ್ಡಿನಲ್ಲಿ ಬೇಡ. ಬಿಳಿಯ ಏಕಾಚ್ಚಿನ ಪ್ಲಾಸ್ಟಿಕ್ ಕುರ್ಚಿಯನ್ನು ಅಗ್ಗದ್ದೆಂದು ಹೀಗಳೆಯುವವರೇ ಹೆಚ್ಚು. ಆದರೆ ಹೊಲಿಗೆಯಿಲ್ಲದ, ತಿರುಪಿಲ್ಲದ, ಬಾವಿಯ ಬಳಿ ಒಯ್ದು ಇಡಿಯಾಗಿ ತೊಳೆಯಬಹುದಾದ ಕುರ್ಚಿ ಅದೊಂದೇ. ಬಿಸಿಲಿಗೆ ಬಿರುಸಾದ, ಗೀರು ಬಿದ್ದ ಕುರ್ಚಿಗಳನ್ನು ಕಾಲಕಾಲಕ್ಕೆ ತೆಗೆದು ಹಾಕಿದರೆ, ತೋಳುಗಳಿರುವುದನ್ನೇ ಆರಿಸಿದರೆ, ಕಾಯುವ ಪಡಸಾಲೆಗೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ. ಕಡಪ ಕಲ್ಲಿನ ಕಟ್ಟೆಯೂ ಒಳ್ಳೆಯದೇ, ಕೀಲುಗಳ ಸಿಮೆಂಟು ಉದುರದಿದ್ದರೆ.

ಉಕ್ಕಿನ ಬೆಂಚುಗಳ ವಿಷಯದಲ್ಲಿ ಕರಾವಳಿಯವರು ಹೆಚ್ಚು ಜಾಗರೂಕರಾಗಬೇಕು. ಸ್ಟೇನ್‌ಲೆಸ್ ಸ್ಟೀಲ್ ಎಂದು ಮಾರುವುದೆಲ್ಲ ಒಂದೇ ಜಾತಿಯದಲ್ಲ. ನಿಕ್ಕೆಲ್ ಕಡಿಮೆಯಿರುವ 202 ಎಂಬ ದರ್ಜೆ ಅಗ್ಗ. ಉಪ್ಪುಗಾಳಿಗೂ ಬ್ಲೀಚಿಂಗ್ ನೀರಿಗೂ ಅದು ಬೇಗ ಕಲೆಗಟ್ಟುತ್ತದೆ. 304 ಎಂಬ ದರ್ಜೆ ದುಬಾರಿಯಾದರೂ ಬಾಳುತ್ತದೆ. ಎರಡೂ ಕಣ್ಣಿಗೆ ಒಂದೇ ತೆರನಾಗಿ ಹೊಳೆಯುವುದರಿಂದ ಬಿಲ್ಲಿನಲ್ಲಿ ದರ್ಜೆಯನ್ನು ಬರೆಸಿಕೊಳ್ಳುವುದು ಕ್ಷೇಮ. ತುಕ್ಕು ಹಿಡಿದ ಮಂಚದ ಸರಳು ನೋಡಲು ಅಸಹ್ಯವೆಂಬುದಷ್ಟೇ ಅಲ್ಲ. ಆ ಒರಟು ಮೇಲ್ಮೈಯನ್ನು ಯಾರೂ ಶುದ್ಧಗೊಳಿಸಲಾರರು.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಹಾಸಿಗೆ. ಹೊರಗಿನ ರೆಕ್ಸಿನ್ ಹೊದಿಕೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ ರಕ್ತ, ಮೂತ್ರಗಳು ಒಳಗಿಳಿದು ನಿಲ್ಲುತ್ತವೆ. ಮುಂದಿನ ರೋಗಿ ಮಲಗಿದಾಗ ಭಾರಕ್ಕೆ ಮತ್ತೆ ಮೇಲಕ್ಕೆ ಜಿನುಗುತ್ತವೆ. ಹೀಗೆ ಹೊದಿಕೆ ಕೆಟ್ಟ ಹಾಸಿಗೆಗಳ ಬಗ್ಗೆ ನೂರಾರು ದೂರುಗಳು ಬಂದ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2013ರಲ್ಲಿ ಎಲ್ಲ ಆಸ್ಪತ್ರೆಗಳಿಗೆ ಎಚ್ಚರಿಕೆಯನ್ನೇ ಕೊಡಬೇಕಾಯಿತು. ಜಿಪ್ಪು ಬಿಚ್ಚಿ ಒಳಗಡೆ ಕಲೆಯಿದೆಯೇ ಎಂದು ನೋಡುವುದು ಒಂದು ನಿಮಿಷದ ಕೆಲಸ. ನಮ್ಮ ಎಷ್ಟು ಆಸ್ಪತ್ರೆಗಳಲ್ಲಿ ಅದು ನಿಯಮಿತವಾಗಿ ನಡೆಯುತ್ತಿದೆಯೋ ಆಡಳಿತದವರೇ ಹೇಳಬೇಕು. ಹರಿದ ರೆಕ್ಸಿನ್ನಿಗೆ ಬ್ಯಾಂಡೇಜಿನ ಪಟ್ಟಿ ಅಂಟಿಸಿ ದಿನ ದೂಡುವುದನ್ನು ನಾವೆಲ್ಲ ಕಂಡಿದ್ದೇವೆ. ಪಟ್ಟಿಯ ಅಂಚೇ ಕೊಳೆಗೆ ಹೊಸ ತಾಣವಾಗುವುದರಿಂದ ಅದು ಪರಿಹಾರವಲ್ಲ.

ನಮ್ಮ ದೇಶದಲ್ಲಿ ರೋಗಿಯ ಜೊತೆಗೆ ಮನೆಯವರೊಬ್ಬರು ಇರಲೇಬೇಕು. ವಿದೇಶಗಳ ಪುಸ್ತಕಗಳಲ್ಲಿ ಇವರ ಪ್ರಸ್ತಾಪ ಕಡಿಮೆ. ರಾತ್ರಿ ಹಾಸಿಗೆಯ ಪಕ್ಕದ ನೆಲದ ಮೇಲೆ ಚಾಪೆ ಹಾಸಿ, ಚೀಲವನ್ನೇ ತಲೆದಿಂಬಾಗಿಸಿಕೊಂಡು ಮಲಗುವ ತಾಯಿಯೋ ಹೆಂಡತಿಯೋ ಪ್ರತಿ ವಾರ್ಡಿನಲ್ಲೂ ಇರುತ್ತಾರೆ. ಬೆಳಿಗ್ಗೆ ಅದೇ ಚಾಪೆ ಮಡಿಸಿ ಮಂಚದಡಿಗೆ ಹೋಗುತ್ತದೆ, ಊಟದ ಡಬ್ಬಿಯೂ ಅಲ್ಲಿಯೇ ಸೇರುತ್ತದೆ. ನೆಲ ಒರೆಸುವವಳು ಅವೆರಡನ್ನೂ ಸುತ್ತುಹಾಕಿ ಹೋಗುತ್ತಾಳೆ. ಒರೆಸಲು ಬರುವ, ಮಡಿಸಿ ಇಡಬಹುದಾದ ಒಂದು ಕಿರುಮಂಚ, ಡಬ್ಬಿ ಚೀಲಗಳಿಗೆ ಬಾಗಿಲಿರುವ ಉಕ್ಕಿನ ಲಾಕರು, ಇವುಗಳನ್ನು ಕೊಡುವ ದಾನಿಗಳು ಬಹಳ ಕಡಿಮೆ. ಕಾಯುವ ಪಡಸಾಲೆಯ ಸೋಫಾಕ್ಕಿಂತ ಇವು ನೂರು ಪಾಲು ಉಪಯುಕ್ತವೆಂದು ನಾವು ಭಾವಿಸುತ್ತೇವೆ.

ಒರೆಸುವ ಔಷಧಕ್ಕೂ ವಸ್ತುವಿಗೂ ಹೊಂದಾಣಿಕೆ ಇರಬೇಕೆಂಬುದನ್ನೂ ದಾನಿಗಳು ತಿಳಿದಿರುವುದು ಒಳ್ಳೆಯದು. ಸ್ಪಿರಿಟ್ಟು ಪದೇಪದೇ ತಾಗಿದರೆ ಅಗ್ಗದ ರೆಕ್ಸಿನ್ ಬಿರುಸಾಗಿ ಬಿರಿಯುತ್ತದೆ. ಹೈಪೊಕ್ಲೋರೈಟ್ ದ್ರಾವಣ ಲೋಹವನ್ನು ಕೊರೆಯುತ್ತದೆ. ಶೇಕಡ 5ರ ಹೈಪೊಕ್ಲೋರೈಟಿನ ಒಂದು ಪಾಲಿಗೆ 49 ಪಾಲು ನೀರು ಬೆರೆಸಿದರೆ ಶೇಕಡ 0.1ರ ದ್ರಾವಣವಾಗುತ್ತದೆ. ದಿನನಿತ್ಯದ ಮೇಲ್ಮೈಗಳಿಗೆ ಅದು ಸಾಕು. ರಕ್ತ ಚೆಲ್ಲಿದೆಡೆ ಮಾತ್ರ 9 ಪಾಲು ನೀರಿನ ಗಟ್ಟಿ ದ್ರಾವಣ ಬೇಕು. ಮೊದಲು ಸೋಪಿನ ನೀರಿನಿಂದ ಕೊಳೆ ತೆಗೆಯದೆ ಇದನ್ನು ಬಳಿದರೆ ಕೊಳೆಯೇ ಔಷಧವನ್ನು ನುಂಗಿಹಾಕುತ್ತದೆ. ಕಕ್ಕಸು ತೊಳೆಯುವ ಆಸಿಡ್ಡಿನೊಡನೆ ಇದನ್ನು ಎಂದೂ ಬೆರೆಸಬಾರದು, ವಿಷಾನಿಲ ಏಳುತ್ತದೆ. ಫಿನಾಯಿಲಿನ ವಾಸನೆ ಬಂದರೆ ಆಸ್ಪತ್ರೆ ಶುದ್ಧವಾಗಿದೆಯೆಂದು ತೃಪ್ತಿಪಡುವ ನಮ್ಮ ಹಳೆಯ ಅಭ್ಯಾಸವನ್ನು ಬಿಡುವ ಕಾಲ ಬಂದಿದೆ. ಮೂಗಿಗೆ ತಿಳಿಯುವುದು ವಾಸನೆ ಮಾತ್ರ.

ಇಷ್ಟೆಲ್ಲ ಹೇಳಿದ ಮೇಲೆ, ವೃದ್ಧಾಶ್ರಮಗಳಲ್ಲಿರುವ ಹಿರಿಯರ ಪರವಾಗಿ ಒಂದು ಆಕ್ಷೇಪ ಏಳುವುದು ಸಹಜ, ಮತ್ತು ಅದು ನ್ಯಾಯವಾದುದೇ. ಆಸ್ಪತ್ರೆಯಲ್ಲಿ ಐದು ದಿನ ಇದ್ದು ಬರುವವರಿಗೆ ಉಕ್ಕಿನ ಬೆಂಚು ಸರಿ. ಉಳಿದ ಆಯುಷ್ಯವನ್ನೆಲ್ಲ ಕಳೆಯಲು ಬಂದ ಅಜ್ಜಿಗೆ ಅದು ಸೆರೆಮನೆಯಂತೆ ಕಾಣದೇ? ಎಲುಬು ಸವೆದ ದೇಹಕ್ಕೆ ಮೆತ್ತೆ ಬೇಕು. ತಾನು ಕುಳಿತು ಜಪಸರ ಹೇಳುತ್ತಿದ್ದ ಕುರ್ಚಿಯನ್ನು ಮನೆಯಿಂದ ತಂದುಕೊಂಡ ಅಜ್ಜಿಗೆ ಅದನ್ನು ಬೇಡವೆನ್ನುವವರು ಯಾರು? ಬೇಡವೆನ್ನುವುದು ಬೇಕಾಗಿಯೂ ಇಲ್ಲ. ಒಬ್ಬರೇ ಬಳಸುವ ಕುರ್ಚಿಗೂ ದಿನಕ್ಕೆ ಐವತ್ತು ಜನ ಕೂರುವ ಬೆಂಚಿಗೂ ಅಪಾಯದಲ್ಲಿ ಬಹಳ ವ್ಯತ್ಯಾಸವಿದೆ. ಫೋಮಿನ ಮೇಲೆ ನೀರು ಇಳಿಯದ ಒಳಹೊದಿಕೆ, ಅದರ ಮೇಲೆ ಕಳಚಿ ಒಗೆಯಬಹುದಾದ ಹತ್ತಿಯ ಹೊದಿಕೆ, ಅಂಥವು ಎರಡು ಜೊತೆ. ಇಷ್ಟಿದ್ದರೆ ಮನೆಯ ಕುರ್ಚಿ ಮನೆಯದಾಗಿಯೇ ಉಳಿಯುತ್ತದೆ. 71 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 25 ನಿಮಿಷ ಒಗೆದ ಬಟ್ಟೆಗೆ ಆಸ್ಪತ್ರೆಗಳಲ್ಲೂ ಒಪ್ಪಿಗೆಯಿದೆ. ಬಣ್ಣದ ವಿಷಯದಲ್ಲಿಯೂ ಹಟ ಬೇಡ. ಒರೆಸುವಂಥ ರೆಕ್ಸಿನ್ ಎಂದರೆ ಕಂದು ಬಣ್ಣದ್ದೇ ಆಗಬೇಕೆಂದು ಎಲ್ಲಿಯೂ ಬರೆದಿಲ್ಲ.

ಇನ್ನು ‘ರೋಗಾಣು ನಿರೋಧಕ’ ಎಂಬ ಚೀಟಿ ಅಂಟಿಸಿಕೊಂಡು ಬರುವ ದುಬಾರಿ ಬಟ್ಟೆ, ಬಣ್ಣಗಳ ಬಗ್ಗೆ ನಮಗೆ ಉತ್ಸಾಹವಿಲ್ಲ. ತಾಮ್ರ ಹಾಗೂ ಅದರ ಮಿಶ್ರಲೋಹಗಳು ರೋಗಾಣುಗಳನ್ನು ಕೊಲ್ಲುವುದು ನಿಜ. ತೀವ್ರ ನಿಗಾ ಘಟಕಗಳಲ್ಲಿ ಮಂಚದ ಸರಳಿಗೆ ತಾಮ್ರ ಹೊದಿಸಿ ಸೋಂಕು ಇಳಿದುದನ್ನು ತೋರಿಸಿದ ಅಮೆರಿಕದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಗಿದೆ. ಆದರೆ ಅಂಥ ಸರಳನ್ನೂ ಒರೆಸುವುದು ತಪ್ಪುವುದಿಲ್ಲ. ನಮ್ಮ ಸಣ್ಣ ಚಿಕಿತ್ಸಾಲಯಗಳು ಆ ಹಣವನ್ನು ಇನ್ನೊಬ್ಬ ಆಯಾಳ ಸಂಬಳಕ್ಕೆ ಹಾಕಿದರೆ ಫಲ ಹೆಚ್ಚು.

ಆಯಾಳ ಮಾತು ಬಂದುದರಿಂದ ಹೇಳಬೇಕು. ಕುರ್ಚಿಗಳನ್ನು ಆರಿಸುವ ಸಭೆಗಳಲ್ಲಿ ದಾನಿಗಳಿರುತ್ತಾರೆ, ಗುರುಗಳಿರುತ್ತಾರೆ, ಆಡಳಿತಾಧಿಕಾರಿಗಳಿರುತ್ತಾರೆ. ಒರೆಸುವವರು ಇರುವುದಿಲ್ಲ. ಕೇಂದ್ರ ಸರ್ಕಾರ 2015ರಲ್ಲಿ ಕಾಯಕಲ್ಪ ಯೋಜನೆಯನ್ನು ಆರಂಭಿಸಿ ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆಗೆ ಅಂಕ ಕೊಡುವ ಕ್ರಮ ತಂದಿತು. 2020ರ ಜನವರಿಯಲ್ಲಿ ಸೋಂಕು ನಿಯಂತ್ರಣದ ರಾಷ್ಟ್ರೀಯ ಮಾರ್ಗಸೂಚಿಯೂ ಹೊರಬಂದಿತು. ದೊಡ್ಡ ಆಸ್ಪತ್ರೆಗಳಲ್ಲಿ ಈಗ ಸೋಂಕು ನಿಯಂತ್ರಣಕ್ಕೆಂದೇ ಒಬ್ಬ ದಾದಿ ಇರುತ್ತಾರೆ. ಹಣ ಕೊಡುವ ಮೊದಲು ಅವರನ್ನು ಕಂಡು, ನಿಮಗೆ ಬೇಕಾದುದೇನು ಎಂದು ಕೇಳುವುದು ಕಷ್ಟವಲ್ಲ. ಚಿಕ್ಕ ಆಸ್ಪತ್ರೆಯಾದರೆ ಬಕೆಟ್ಟು ಹಿಡಿದು ಬರುವ ಹೆಂಗಸನ್ನೇ ಕೇಳಬಹುದು. ಯಾವ ಕುರ್ಚಿ ಕಾಟ ಕೊಡುತ್ತದೆಂದು ಆಕೆಗೆ ಗೊತ್ತಿರುವಷ್ಟು ಯಾವ ಅಂಗಡಿಯವನಿಗೂ ಗೊತ್ತಿಲ್ಲ.

ಹೆಸರಿನ ಫಲಕದ ವಿಷಯ ಸಣ್ಣದು, ಆದರೂ ಬರೆಯುತ್ತೇವೆ. ಕುರ್ಚಿಯ ಬೆನ್ನಿಗೆ ತಿರುಪು ಹಾಕಿ ಕೂರಿಸಿದ, ಅಕ್ಷರ ಕೊರೆದ ಹಿತ್ತಾಳೆ ತಗಡಿನ ಸುತ್ತ ಕಪ್ಪು ಕೊಳೆ ಕಟ್ಟಿರುವುದನ್ನು ನಾವು ಒಂದೆರಡು ಕಡೆ ನೋಡಿದ್ದೇವೆ. ಅಗಲಿದ ಹಿರಿಯರ ಹೆಸರಿಗೆ ಗೋಡೆಯ ಮೇಲೆ ಒಂದೇ ನಯವಾದ ಫಲಕ ಸಾಕಲ್ಲವೇ?

ಹೊಸದನ್ನು ಕೊಡುವುದಕ್ಕಿಂತ ಹಳೆಯದನ್ನು ಸರಿಪಡಿಸಿ ಕೊಡುವುದೂ ದಾನವೇ. ಹತ್ತು ವರ್ಷಗಳ ಹಿಂದೆ ನಿಮ್ಮ ಮನೆಯವರು ಕೊಟ್ಟ ಬೆಂಚು ಈಗ ಯಾವ ಸ್ಥಿತಿಯಲ್ಲಿದೆಯೆಂದು ಒಮ್ಮೆ ಹೋಗಿ ನೋಡಿ ಬನ್ನಿ. ರೆಕ್ಸಿನ್ ಹರಿದಿದ್ದರೆ ಫೋಮನ್ನೂ ಸೇರಿಸಿ ಬದಲಿಸಿ, ಹೊಲಿಗೆ ಕೂರುವ ಜಾಗಕ್ಕೆ ಬಾರದಂತೆ ಹೊಸ ಹೊದಿಕೆ ಹಾಕಿಸಬಹುದು. ಕಾಲಿಗೆ ತುಕ್ಕು ಹಿಡಿದಿದ್ದರೆ ಉಜ್ಜಿ ಪೌಡರ್ ಕೋಟಿಂಗ್ ಮಾಡಿಸಿ, ಕೊಳವೆಯ ತುದಿಗೆ ರಬ್ಬರು ಬುಡ ಕೂರಿಸಬಹುದು. ತಾಲ್ಲೂಕು ಕೇಂದ್ರಗಳಲ್ಲಿಯೂ ಈ ಕೆಲಸ ಮಾಡುವವರಿದ್ದಾರೆ, ಹೊಸ ಬೆಂಚಿನ ಬೆಲೆಗೆ ಹೋಲಿಸಿದರೆ ಖರ್ಚು ಕಡಿಮೆ. ಕೆಲಸಕ್ಕೆ ಒಯ್ದ ದಿನಗಳಲ್ಲಿ ರೋಗಿಗಳು ನಿಂತುಕೊಂಡೇ ಕಾಯದಂತೆ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳನ್ನು ಮೊದಲೇ ತಂದಿಟ್ಟರಾಯಿತು.